ಯಂತ್ರಕ್ಕೊಂದು ವೈವಾ

ಯಂತ್ರಕ್ಕೆ ಪ್ರಜ್ಞೆ ಇರಬಹುದೇ ಎಂಬ ಚರ್ಚೆಯಲ್ಲಿ ಸಾಹಿತ್ಯದವರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಆದರೆ ಈ ಚರ್ಚೆಯ ಬಹು ಮುಖ್ಯವಾದ ಒಂದು ಜಗಳ ನಡೆದದ್ದೇ ಸಾನೆಟ್ಟಿನ ಮೇಲೆ. 1949ರಲ್ಲಿ ನರಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್ ಒಂದು ಉಪನ್ಯಾಸದಲ್ಲಿ ಷರತ್ತು ಹಾಕಿದ: ಯಂತ್ರ ತಾನು ಅನುಭವಿಸಿದ ಭಾವದ ಕಾರಣದಿಂದ ಸಾನೆಟ್ ಬರೆಯಬೇಕು, ಬರೆದೆ ಎಂಬ ಅರಿವೂ ಅದಕ್ಕಿರಬೇಕು; ಅಲ್ಲಿಯವರೆಗೆ ಅದು ಮಿದುಳಿಗೆ ಸಮನಲ್ಲ.

ಮರುವರ್ಷ ‘ಮೈಂಡ್’ ಪತ್ರಿಕೆಯಲ್ಲಿ ಅಲನ್ ಟ್ಯೂರಿಂಗ್ ಉತ್ತರಿಸಿದ. ಈ ಮಾನದಂಡವನ್ನು ಪಟ್ಟಾಗಿ ಹಿಡಿದರೆ ಪಕ್ಕದ ಮನುಷ್ಯನಿಗೆ ಮನಸ್ಸಿದೆ ಎನ್ನುವುದೂ ಕಷ್ಟ, ಏಕೆಂದರೆ ನಾವು ಅವನಾಗಿ ನೋಡಲಾರೆವು ಎಂಬುದು ಅವನ ವಾದ. ಬದಲಿಗೆ ಅವನೊಂದು ವೈವಾ ಕಲ್ಪಿಸಿದ. ಬೇಸಿಗೆಯ ದಿನಕ್ಕೆ ಹೋಲಿಸಿದ್ದೀಯಲ್ಲ, ವಸಂತದ ದಿನ ಆಗದೇ ಎಂದು ಪರೀಕ್ಷಕ ಕೇಳುತ್ತಾನೆ. ಛಂದಸ್ಸು ಕೆಡುತ್ತದೆ ಎನ್ನುತ್ತದೆ ಯಂತ್ರ. ಹಾಗಾದರೆ ಚಳಿಗಾಲದ ದಿನ? ಛಂದಸ್ಸಿಗೆ ಕೂರುತ್ತದೆ, ಆದರೆ ಅಂಥ ಹೋಲಿಕೆ ಯಾರಿಗೂ ಬೇಡ. ಹೀಗೆ ಉತ್ತರಿಸುವುದನ್ನು ಬರೀ ಗಿಳಿಪಾಠ ಎನ್ನುತ್ತೀರಾ ಎಂಬುದು ಟ್ಯೂರಿಂಗನ ಸವಾಲು.

ಇದನ್ನು ಓದುವಾಗಲೆಲ್ಲ ನನಗೆ ಎಂ.ಎ. ತರಗತಿ ನೆನಪಾಗುತ್ತದೆ. ಇಂಗ್ಲೆಂಡಿನ ಬೇಸಿಗೆಯನ್ನು ನಾನು ಕಂಡಿಲ್ಲ. ಕಲಬುರಗಿಯ ಬೇಸಿಗೆ ಉಂಡವರಿಗೆ ಆ ಹೋಲಿಕೆ ಬೈಗುಳದಂತೆ ಕೇಳೀತು. ಆದರೂ ಅದರ ಸೊಗಸನ್ನು ವಿವರಿಸಿ ಅಂಕ ಪಡೆದವರು ನಾವು. ಸರಿಯುತ್ತರ ಅನುಭವದಿಂದಲೇ ಬರಬೇಕಿಲ್ಲ, ಪುಸ್ತಕದಿಂದಲೂ ಬರುತ್ತದೆ. ಇಂದಿನ ಭಾಷಾ ಮಾದರಿಗಳು ಮನುಷ್ಯರು ಬರೆದ ಅಪಾರ ಬರಹವನ್ನೇ ಉಂಡು ಬೆಳೆದಿವೆ. ಟ್ಯೂರಿಂಗನ ವೈವಾದಲ್ಲಿ ಅವು ಪಾಸಾಗುವುದು ಕಷ್ಟವಲ್ಲ. ಆದರೆ ಪ್ರಶ್ನೆಪತ್ರಿಕೆ ಮೊದಲೇ ಕೈಸೇರಿದಂತಿರುವಾಗ ಆ ಫಲಿತಾಂಶ ಒಳಗಿನ ಅನುಭವದ ಬಗ್ಗೆ ಏನನ್ನೂ ಹೇಳದು.

ಹಾಗೆಂದು ಜೆಫರ್ಸನ್ ಗೆದ್ದನೇ? ಅವನ ಷರತ್ತಿಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹಳ ಹಿಂದೆಯೇ ಒಂದು ತೊಡಕು ಎದ್ದಿದೆ. ಕ್ರೌಂಚದ ಅಗಲಿಕೆ ಕಂಡು ವಾಲ್ಮೀಕಿಯ ಶೋಕ ಶ್ಲೋಕವಾಯಿತು ಎನ್ನುವಲ್ಲಿ ಅಭಿನವಗುಪ್ತ ಎಚ್ಚರಿಸುತ್ತಾನೆ: ಅದನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬೇಡಿ, ಹಾಗಿದ್ದರೆ ಅವನು ದುಃಖದಲ್ಲೇ ಇರುತ್ತಿದ್ದ. ಬೇರೊಂದು ಜೀವದ ನೋವಿನೊಡನೆ ತನ್ಮಯವಾಗಬಲ್ಲ ಹೃದಯ ಅಲ್ಲಿ ಮುಖ್ಯ. ಕೊನೆಗೆ ರಸ ಅನುಭವಕ್ಕೆ ಬರುವುದು ಸಹೃದಯನಲ್ಲಿ. ಅಂದರೆ ಕವಿತೆಯಿಂದ ನನ್ನ ಕಣ್ಣು ತೇವವಾದರೆ ಸಾಬೀತಾಗುವುದು ನನ್ನ ಪ್ರಜ್ಞೆ. ಬರೆದವರದನ್ನು ನಾನು ಊಹಿಸಿಕೊಳ್ಳುತ್ತೇನೆ. ಬರೆದವರು ಮನುಷ್ಯರಾದಾಗ ಆ ಊಹೆಗೆ ಆಧಾರವಿದೆ: ಅವರಿಗೂ ನನ್ನಂತೆಯೇ ಹಸಿವಿದೆ, ಸಾವಿದೆ, ಕಳೆದುಕೊಳ್ಳುವುದಕ್ಕೆ ಏನೋ ಇದೆ. ಯಂತ್ರದ ವಿಷಯದಲ್ಲಿ ಆ ಆಧಾರ ನನಗೆ ಕಾಣುತ್ತಿಲ್ಲ. ಕಾಣದ್ದರಿಂದಲೇ ಇಲ್ಲ ಎಂದು ಷರಾ ಬರೆಯುವ ಅಧಿಕಾರವೂ ನನಗಿಲ್ಲ.

ಈ ಮಾತಿನಿಂದ ವಿಮರ್ಶೆಗೆ ಆಗಬೇಕಾದ ಕೆಲಸವೊಂದಿದೆ. ಕವಿತೆ ಚೆನ್ನಾಗಿದೆ, ಆದ್ದರಿಂದ ಯಂತ್ರಕ್ಕೆ ಮನಸ್ಸಿದೆ ಎನ್ನುವುದು ಎಷ್ಟು ತಪ್ಪೋ, ಯಂತ್ರಕ್ಕೆ ಮನಸ್ಸಿಲ್ಲ, ಆದ್ದರಿಂದ ಕವಿತೆ ಕೆಟ್ಟದ್ದು ಎನ್ನುವುದೂ ಅಷ್ಟೇ ತಪ್ಪು. ಎರಡನೆಯದು ನಮ್ಮ ವಿಚಾರಸಂಕಿರಣಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಆದರೆ ಅದು ಓದುವ ಶ್ರಮವನ್ನು ತಪ್ಪಿಸುತ್ತದೆ. ಕವಿತೆ ಸೋತಿದ್ದರೆ ಎಲ್ಲಿ, ಯಾವ ಪದದಲ್ಲಿ ಸೋತಿದೆ ಎಂದು ತೋರಿಸಬೇಕು. ಬರೆದವರ ವಿಳಾಸ ಕೇಳಿ ತೀರ್ಪು ಕೊಡುವ ಚಾಳಿ ಯಂತ್ರದ ಮುಂದೆ ಶುರುವಾದದ್ದೇನಲ್ಲ. ಜಾತಿ, ಊರು, ಲಿಂಗ ನೋಡಿ ಮನುಷ್ಯರ ಬರಹವನ್ನೂ ನಾವು ಹಾಗೆಯೇ ಅಳೆದಿದ್ದೇವೆ. ಕೆಲವರಿಗೆ ಒಳಗೊಂದು ಲೋಕವಿದೆ ಎಂದು ಒಪ್ಪಲು ಬಹಳ ಕಾಲ ಸತಾಯಿಸಿದ್ದೇವೆ. ಯಂತ್ರಕ್ಕೆ ಪ್ರಜ್ಞೆ ಇದೆಯೇ ಎಂದು ಕೇಳುವ ಮುನ್ನ, ಯಾರ ಪ್ರಜ್ಞೆಯನ್ನು ನಾವು ಪುರಾವೆ ಕೇಳದೆ ಒಪ್ಪುತ್ತೇವೆ, ಯಾರನ್ನು ವೈವಾಕ್ಕೆ ಕೂರಿಸುತ್ತೇವೆ ಎಂಬುದನ್ನೂ ಕೇಳಿಕೊಳ್ಳಬೇಕು.