ಜಾಲಿಸುವ ಕೈ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನ ಕಿಟಕಿಯಲ್ಲಿ ಕೋಲಾರ ಚಿನ್ನದ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳು ಕಂಡಾಗಲೆಲ್ಲ, ಗಣಿಗಿಂತ ಮೊದಲು ಇಲ್ಲಿ ಮಣ್ಣು ಜಾಲಿಸುತ್ತಿದ್ದ ಕೈಗಳು ನೆನಪಾಗುತ್ತವೆ. 1802ರಲ್ಲಿ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಜಾನ್ ವಾರೆನ್ ಚಿನ್ನ ತೋರಿಸಿದವರಿಗೆ ಬಹುಮಾನ ಸಾರಿದಾಗ ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ರಾಗಿ ಜಾಲಿಸಿ ಕಲ್ಲು ತೆಗೆಯುವ ವಿದ್ಯೆಯೇ ಇದು. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟು ಮಾತ್ರ. ಹದವರಿತು ಮರಿಗೆ ತೂಗಿದರೆ ಮರಳು ಹರಿದುಹೋಗುತ್ತದೆ, ಚಿನ್ನ ತಳದಲ್ಲಿ ನಿಲ್ಲುತ್ತದೆ.

ಜಾಲಿಸುವ ಕೈಯ ಬದಲು ಯಂತ್ರವನ್ನು ನೆಚ್ಚುವ, ನಿಧಿ ಹುಡುಕುವ ಹವ್ಯಾಸದವರು ಈಗ ಹಳೆಯ ಮೆಟಲ್ ಡಿಟೆಕ್ಟರ್ ಬಿಟ್ಟು ಇನ್ನೂ ಚುರುಕಾದದ್ದನ್ನು ಕೊಳ್ಳುತ್ತಾರೆ. ಅದರ ಸುರುಳಿಯ ಕಾಂತಕ್ಷೇತ್ರ ಲೋಹಕ್ಕೆ ತಾಗಿದರೆ ಸದ್ದಾಗುತ್ತದೆ. ಹೊಸ ಮಾದರಿಗಳು ಕೆಮ್ಮಣ್ಣಿನ ಕಬ್ಬಿಣದ ಗದ್ದಲವನ್ನೂ ಬಹುಮಟ್ಟಿಗೆ ಸೋಸುತ್ತವೆ. ಅದು ಮೆಚ್ಚಬೇಕಾದ ಜಾಣ್ಮೆ. ಆದರೆ ಕೋಲಾರದ ಚಿನ್ನ ಹೆಚ್ಚಾಗಿ ಬೆಣಚಿನೊಳಗೆ ನುಣ್ಣನೆಯ ಹುಡಿಯಾಗಿ ಹರಡಿದೆ. ಆ ಹುಡಿಯ ದನಿ ಯಂತ್ರಕ್ಕೆ ಕೇಳಿಸದು. ಕಲ್ಲು ಕುಟ್ಟಿ, ನೀರಿನಲ್ಲಿ ಜಾಲಿಸುವ ಕೈಯೇ ಅದಕ್ಕೆ ಮೇಲು.

ಡಿಟೆಕ್ಟರ್ ಹಿಡಿದು ಹೊರಡುವವರು ಒಂದು ಮಾತು ನೆನಪಿಡಿ: ನಿಧಿ ಸಿಕ್ಕರೆ ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.