ಮೊದಲ ಸಂಬಳಕ್ಕೆ ಹೊರಲಾಗದ ಸಾಲ

ಪಿಯುಸಿ ಫಲಿತಾಂಶ ಬಂದರೆ ಅಲೆವೂರಿನ ಮನೆಗಳಲ್ಲಿ ನರ್ಸಿಂಗ್ ಸೀಟಿನ ಮಾತು ಶುರುವಾಗುತ್ತದೆ. ಮಣಿಪಾಲ ಪಕ್ಕದಲ್ಲೇ ಇದೆ, ಉಡುಪಿ ಮಂಗಳೂರುಗಳಲ್ಲೂ ಕಾಲೇಜುಗಳಿಗೆ ಕೊರತೆಯಿಲ್ಲ. ಮಗಳು ಕಲಿಯುತ್ತೇನೆ ಎಂದರೆ ಚಿನ್ನ ಅಡವಿಟ್ಟಾದರೂ, ಸೊಸೈಟಿಯಲ್ಲಿ ಸಾಲ ಎತ್ತಿಯಾದರೂ ಸೇರಿಸುವ ತಂದೆ ತಾಯಿ ಇಲ್ಲಿದ್ದಾರೆ. ಆ ಧೈರ್ಯದ ಬಗ್ಗೆ ನನಗೆ ಗೌರವವಿದೆ. ತಕರಾರು ಇರುವುದು ಲೆಕ್ಕ ಹಾಕುವ ಕ್ರಮದ ಮೇಲೆ. ಫೀಸನ್ನು ಇವತ್ತಿನ ರೂಪಾಯಿಯಲ್ಲಿ ಎಣಿಸುತ್ತೇವೆ. ಸಂಬಳವನ್ನು ಮಾತ್ರ ಕುವೈತಿನ ದಿನಾರಿನಲ್ಲೋ ಜರ್ಮನಿಯ ಯೂರೋದಲ್ಲೋ ಎಣಿಸುತ್ತೇವೆ. ಎರಡರ ನಡುವಿನ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ಸಾಲದ ಕಂತು ಶುರುವಾಗುವುದು ಆ ವರ್ಷಗಳಲ್ಲೇ.

ಉದಾಹರಣೆಗೆ, ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ವರ್ಷಕ್ಕೆ ₹1.25 ಲಕ್ಷದಂತೆ ಒಟ್ಟು ₹5 ಲಕ್ಷ ಸಾಲ, ಬಡ್ಡಿ ಶೇ. 10 ಎಂದು ಹಿಡಿಯೋಣ. ಕೋರ್ಸು ಮುಗಿದು ಒಂದು ವರ್ಷದವರೆಗೆ ಬ್ಯಾಂಕು ಕಂತು ಕೇಳುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ ಅದು ₹1.75 ಲಕ್ಷ. ಕಂತು ಶುರುವಾಗುವ ದಿನ ತಲೆಯ ಮೇಲಿರುವುದು ₹6.75 ಲಕ್ಷ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು ₹8,900 ಕಟ್ಟಬೇಕು. ಹದಿನೈದು ವರ್ಷಕ್ಕೆ ಎಳೆದರೆ ಕಂತು ₹7,250ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ ₹13 ಲಕ್ಷ ದಾಟುತ್ತದೆ. ₹20,000 ಸಂಬಳದ ಹುಡುಗಿ ಇದನ್ನು ಹೇಗೆ ಹೊರಬೇಕು?

₹20,000 ಎಂಬ ಅಂಕಿಯನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಅರ್ಜಿಯ ಮೇಲೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ಸಂಬಳ ₹20,000ಕ್ಕಿಂತ ಕೆಳಗಿಳಿಯಬಾರದು, ಇನ್ನೂರು ಹಾಸಿಗೆ ದಾಟಿದ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಕೇರಳ 2018ರಲ್ಲಿ ₹20,000 ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು, ಅದೂ ನರ್ಸ್‌ಗಳು ಮುಷ್ಕರಕ್ಕೆ ಇಳಿದ ಮೇಲೆ. ನಾಡಿನ ಅತಿ ದೊಡ್ಡ ನ್ಯಾಯಾಲಯದವರೆಗೆ ಹೋಗಿ ಕೇಳಬೇಕಾಗಿ ಬಂದದ್ದು ಇಷ್ಟು ಹಣಕ್ಕೆ. ಮೇಲಿನ ಕಂತು ಅದರಲ್ಲಿ ಶೇ. 44ರಷ್ಟನ್ನು ನುಂಗುತ್ತದೆ.

ಫೀಸಿಗೂ ಸಂಬಳಕ್ಕೂ ಹೊಂದದ ಈ ಪ್ರಶ್ನೆಯನ್ನು ಉಡುಪಿಯವರಾದ ನಾವೇ ಮೊದಲು ಕೇಳಬೇಕಿತ್ತು; ಸಾಲ ಕೊಡುವ ಬ್ಯಾಂಕೂ ಫೀಸು ಕೇಳುವ ಕಾಲೇಜೂ ಇಲ್ಲೇ ಬೆಳೆದವು. 1925ರಲ್ಲಿ ಇಲ್ಲೇ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು, 1928ರಲ್ಲಿ ಪಿಗ್ಮಿ ಯೋಜನೆ ತಂದು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತುತ್ತಿತ್ತು. ಆ ಬ್ಯಾಂಕು ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರೇ 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದರು. ಅವರ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯಲ್ಲೇ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಅನುದಾನ ಪಡೆಯದ ಕಾಲೇಜು ತನ್ನ ಶುಲ್ಕವನ್ನು ತಾನೇ ನಿಗದಿ ಮಾಡಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಷನ್ ಕೂಡದು. ಶುಲ್ಕದ ಹಕ್ಕು ಹೀಗೆ ಇತ್ಯರ್ಥವಾಯಿತು. ಆ ಶುಲ್ಕ ತೀರಿಸಬಲ್ಲ ಸಂಬಳ ಕೊಡುವ ಹೊಣೆ ಮಾತ್ರ ಯಾರ ಮೇಲೂ ಬೀಳಲಿಲ್ಲ. ಬ್ಯಾಂಕು ಕೂಡ ಸೀಟು ಮತ್ತು ಫೀಸಿನ ಪಟ್ಟಿ ನೋಡಿ ಸಾಲ ಕೊಡುತ್ತದೆ. ₹7.5 ಲಕ್ಷದವರೆಗೆ ಜಾಗ ಅಡಮಾನ ಬೇಡ ಎನ್ನುವುದು ನಿಜ, ಆದರೆ ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಲೇಬೇಕು. ಮಗಳಿಗೆ ಮದುವೆಯಾಗಿ ಅವಳ ಸಂಬಳ ಯಾವ ಮನೆಗೆ ಸೇರಬೇಕೆಂಬ ಮಾತು ಎದ್ದರೂ ಬ್ಯಾಂಕಿನ ನೋಟಿಸು ಬರುವುದು ತವರಿಗೆ.

ವಿದೇಶದ ದಾರಿ ಸುಳ್ಳಲ್ಲ. ಆ ದುಡಿಮೆಯಿಂದಲೇ ಮನೆ ಕಟ್ಟಿದ ಹೆಣ್ಣುಮಕ್ಕಳು ಕಾಪುವಿನಿಂದ ಕಾರ್ಕಳದವರೆಗೆ ಇದ್ದಾರೆ. ಆದರೆ ಗಲ್ಫಿನಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ, ಅದರ ಮೇಲೆ ಪರೀಕ್ಷೆ. ಜರ್ಮನಿಗೆ ಅಲ್ಲಿನ ಭಾಷೆ ಕಲಿಯಬೇಕು. ಅಮೆರಿಕಕ್ಕಾದರೆ ಅಲ್ಲಿನ ನರ್ಸಿಂಗ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾದ ಮೇಲೂ ವೀಸಾಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ಇದರ ನಡುವೆ ಏಜೆಂಟರು ಬರುತ್ತಾರೆ. ಕಾನೂನಿನ ಪ್ರಕಾರ ಅವರು ಪಡೆಯಬಹುದಾದದ್ದು ₹30,000 ಮತ್ತು ಜಿಎಸ್‌ಟಿ ಅಷ್ಟೇ. ಅದಕ್ಕಿಂತ ಹೆಚ್ಚು ಕೇಳಿದವನ ಮುಂದೆ ಕೂರುವ ಅಗತ್ಯವಿಲ್ಲ. ಓದಿನ ಸಾಲ ತೀರುವ ಮೊದಲೇ ಹೊರಡುವ ಸಾಲವೂ ಸೇರಿಕೊಂಡರೆ ಆ ಹುಡುಗಿ ಮೊದಲು ಸಿಕ್ಕ ಯಾವುದೇ ಒಪ್ಪಂದಕ್ಕೆ ಸಹಿ ಹಾಕುತ್ತಾಳೆ. ನನಗೆ ಹೆಚ್ಚು ಭಯ ಇದರದ್ದೇ.

ಹಾಗಾಗಿ ನಾನು ಹೇಳುವ ಅಳತೆ ಇದು: ಕಂತು ಊರಿನ ಮೊದಲ ಸಂಬಳದ ಕಾಲುಭಾಗ ಮೀರಬಾರದು. ₹20,000ಕ್ಕೆ ಅದು ₹5,000. ಮೇಲಿನ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸುಮಾರು ₹2.8 ಲಕ್ಷದ ಸಾಲ. ಅಲೆವೂರಿನ ಮನೆಯಿಂದಲೇ ಡ್ಯೂಟಿಗೆ ಹೋಗುವವಳಿಗೆ ಬಾಡಿಗೆಯ ಖರ್ಚಿಲ್ಲ, ಮೂರನೇ ಒಂದು ಭಾಗ ಕಟ್ಟಬಲ್ಲಳು; ಆಗ ₹3.7 ಲಕ್ಷದವರೆಗೆ ಹೋಗಬಹುದು. ಬೆಂಗಳೂರಿನ ಪಿಜಿಯಲ್ಲಿ ಇರಬೇಕಾದವಳಿಗೆ ಈ ಸಡಿಲಿಕೆ ಇಲ್ಲ.

ಈ ಅಳತೆಗೆ ಹೊಂದದಿದ್ದರೆ ನರ್ಸಿಂಗ್ ಬಿಡಬೇಕೆಂದಲ್ಲ. 2023ರಿಂದ ಬಿಎಸ್ಸಿ ನರ್ಸಿಂಗ್ ಸೀಟುಗಳೂ ಸಿಇಟಿ ಮೂಲಕ ಸಿಗುತ್ತಿವೆ. ಅದನ್ನು ಬರೆಯದೆ ನೇರ ಮ್ಯಾನೇಜ್‌ಮೆಂಟ್ ಸೀಟಿಗೆ ಓಡುವುದು ತಪ್ಪು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಅನ್ನು ಕೀಳಾಗಿ ಕಾಣುವುದೂ ಸರಿಯಲ್ಲ. ಜಿಎನ್‌ಎಂ ಮುಗಿಸಿ ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದವರು ಏಮ್ಸ್‌ನ ನರ್ಸಿಂಗ್ ಆಫೀಸರ್ ಪರೀಕ್ಷೆ ಬರೆಯಬಹುದು. ಅಲ್ಲಿ ಮೂಲವೇತನವೇ ₹44,900. ದುಡಿಯುತ್ತಾ ಉಳಿಸಿ ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಳ್ಳಬಹುದು. ಪಾಠ ಹೇಳುವ ಕನಸಿದ್ದವಳಿಗೆ ಮಾತ್ರ ನೇರ ಬಿಎಸ್ಸಿಯೇ ಒಳ್ಳೆಯದು.

ಹೆಚ್ಚು ಫೀಸಿಗೆ ಬೆಲೆ ಸಿಗುವುದು ಕಾಲೇಜಿಗೆ ಸ್ವಂತದ, ರೋಗಿಗಳು ತುಂಬಿದ ಆಸ್ಪತ್ರೆ ಇದ್ದಾಗ. ವಾರ್ಡಿನಲ್ಲಿ ಕೈ ಪಳಗದೆ ಬಂದವಳಿಗೆ ಯಾವ ಪ್ರಮಾಣಪತ್ರವೂ ಸಂಬಳ ಹೆಚ್ಚಿಸುವುದಿಲ್ಲ. ಕಟ್ಟಡ, ಹಾಸ್ಟೆಲಿನ ಎಸಿಗಳಿಗಾಗಿ ಸಾಲ ಮಾಡಬೇಡಿ.

ವಾರ್ಷಿಕ ಆದಾಯ ₹4.5 ಲಕ್ಷದೊಳಗಿನ ಮನೆಗೆ ಕೇಂದ್ರದ ಬಡ್ಡಿ ಸಬ್ಸಿಡಿ ಇದೆ. ಕಂತಿಲ್ಲದ ಅವಧಿಯ ಬಡ್ಡಿಯನ್ನು ಅದು ಕಟ್ಟುತ್ತದೆ. ಮೇಲಿನ ಲೆಕ್ಕದಲ್ಲಿ ₹1.75 ಲಕ್ಷ ಉಳಿಯಿತೆಂದೇ ಅರ್ಥ. ಆದರೆ ಅದಕ್ಕೆ ಕಾಲೇಜಿನ ಮಾನ್ಯತೆಯ ಷರತ್ತುಗಳಿವೆ. ಹಾಗಾಗಿ ಸೀಟಿಗೆ ಮುಂಗಡ ಕಟ್ಟುವ ಮೊದಲೇ ಆದಾಯ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋಗಿ, ಈ ಕಾಲೇಜಿಗೆ ಸಬ್ಸಿಡಿ ಸಿಗುತ್ತದೆಯೇ ಎಂದು ಕೇಳಬೇಕು. ಕಾಲೇಜಿನಲ್ಲಿ ಕೇಳಬೇಕಾದದ್ದು ಬೇರೆ: ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತಿದೆ. ಕಚೇರಿಯಲ್ಲಿ ಉತ್ತರ ಸಿಗದಿದ್ದರೆ ಡ್ಯೂಟಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿ ನಿಂತು, ಹೊರಬರುವ ಹೊಸ ಸ್ಟಾಫ್ ನರ್ಸ್‌ಗಳನ್ನೇ ಕೇಳಿ.