ಅರ್ಥಕ್ಕೆ ಮೊದಲು ಅನುಭವ: 'ಮಲ್ಹಾಲಂಡ್ ಡ್ರೈವ್' ಚಲಚ್ಚಿತ್ರದ ವಿವೇಚನೆ

ಒಂದು ಕೃತಿ ತನಗೆ ಅರ್ಥವಾಗಲಿಲ್ಲವೆಂದೂ, ಆದರೂ ಅದರಿಂದ ತನಗೆ ಸಂತೋಷವಾಯಿತೆಂದೂ ಒಟ್ಟಿಗೆ ಹೇಳುವ ಪ್ರೇಕ್ಷಕನ ಮಾತಿಗೆ ವಿಮರ್ಶಕರು ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಅವನನ್ನು ಸೋಮಾರಿಯೆಂದೋ ಡಾಂಭಿಕನೆಂದೋ ತಳ್ಳಿಹಾಕುವುದು ಸುಲಭ. ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ (1946-2025) ಅವರ 'ಮಲ್ಹಾಲಂಡ್ ಡ್ರೈವ್' (2001) ಚಿತ್ರವನ್ನು ಮೊದಲ ಸಲ ನೋಡಿದಾಗ ನಮ್ಮ ಸ್ಥಿತಿಯೂ ಅಂಥ ಪ್ರೇಕ್ಷಕನದೇ ಆಗಿತ್ತು. ಆ ಸಂತೋಷಕ್ಕೆ ಆಧಾರವೇನಾದರೂ ಉಂಟೆ, ಅಥವಾ ಅದು ಬರಿಯ ಭ್ರಮೆಯೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಥೆಯ ಆರಂಭ ಪತ್ತೇದಾರಿ ಕಾದಂಬರಿಯ ರೀತಿಯದು. ಲಾಸ್ ಏಂಜಲಿಸ್ ನಗರದ ಮೇಲಣ ಬೆಟ್ಟದ ರಸ್ತೆಯಲ್ಲಿ ರಾತ್ರಿ ಒಂದು ಕಾರು ಅಪಘಾತಕ್ಕೀಡಾಗುತ್ತದೆ. ಕೊಲೆಯಾಗಲಿದ್ದ ತರುಣಿಯೊಬ್ಬಳು ಬದುಕಿ ಉಳಿಯುತ್ತಾಳೆ. ಆದರೆ ಅವಳ ನೆನಪು ಅಳಿಸಿಹೋಗಿದೆ. ಗೋಡೆಯ ಮೇಲಿನ ಹಳೆಯ ಚಿತ್ರದ ಭಿತ್ತಿಪತ್ರವನ್ನು ನೋಡಿ ಅವಳು ತನ್ನನ್ನು ರೀಟಾ ಎಂದು ಕರೆದುಕೊಳ್ಳುತ್ತಾಳೆ. ನಟಿಯಾಗಬೇಕೆಂದು ಕೆನಡಾದ ಸಣ್ಣ ಊರಿನಿಂದ ಬಂದ ಬೆಟ್ಟಿ ಅವಳಿಗೆ ನೆರವಾಗುತ್ತಾಳೆ. ಕೈಚೀಲದಲ್ಲಿ ಹಣದ ಕಂತೆಗಳು, ಒಂದು ನೀಲಿ ಬೀಗದಕೈ. ಮುಂದೆ ಒಂದು ಶವ, ಒಂದು ನೀಲಿ ಪೆಟ್ಟಿಗೆ. ಪೆಟ್ಟಿಗೆ ತೆರೆದೊಡನೆ ಕಥೆಯೇ ತಲೆಕೆಳಗಾಗುತ್ತದೆ. ಬೆಟ್ಟಿಯಾಗಿದ್ದವಳು ಈಗ ಡಯಾನ್. ರೀಟಾ ಆಗಿದ್ದವಳು ಕ್ಯಾಮಿಲಾ ಎಂಬ ಪ್ರಸಿದ್ಧ ನಟಿ.

ಈ ಒಗಟಿಗೆ ಬಹುಮಂದಿ ಒಪ್ಪಿದ ಪರಿಹಾರವೊಂದುಂಟು. ಸೋತ ನಟಿ ಡಯಾನ್, ತನ್ನನ್ನು ತೊರೆದ ಪ್ರೇಯಸಿ ಕ್ಯಾಮಿಲಾಳನ್ನು ಹಣಕೊಟ್ಟು ಕೊಲ್ಲಿಸಿದ್ದಾಳೆ. ಚಿತ್ರದ ಮೊದಲ ದೀರ್ಘಭಾಗ ಅವಳ ಕನಸು. ಇದಕ್ಕೆ ಸಾಕಷ್ಟು ಪ್ರಮಾಣಗಳಿವೆ. ಎಚ್ಚರದಲ್ಲಿ ಉಪಾಹಾರಗೃಹದ ಪರಿಚಾರಿಕೆಯ ಎದೆಪಟ್ಟಿಯ ಮೇಲೆ ಬೆಟ್ಟಿ ಎಂಬ ಹೆಸರಿದೆ. ಡಯಾನ್ ಕನಸಿನಲ್ಲಿ ಆ ಹೆಸರನ್ನು ತಾನು ತೊಟ್ಟು, ತನ್ನ ಹೆಸರನ್ನು ಪರಿಚಾರಿಕೆಗೆ ಕೊಟ್ಟಿದ್ದಾಳೆ. ಕೊಲೆ ಮುಗಿಯಿತೆಂಬುದಕ್ಕೆ ಗುರುತಾದ ಸಾಮಾನ್ಯ ಬೀಗದಕೈ ಕನಸಿನಲ್ಲಿ ವಿಚಿತ್ರಾಕಾರ ತಾಳಿದೆ. ಪರಿಹಾರ ಸರಿಯೆಂದೇ ನಾವೂ ಒಪ್ಪುತ್ತೇವೆ. ಆದರೆ ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಆ ವಾಕ್ಯವೇ ಕೃತಿಯ ಸರ್ವಸ್ವವಾಗಿದ್ದರೆ ಎರಡೂವರೆ ಗಂಟೆಯ ಚಿತ್ರ ಏತಕ್ಕೆ?

ಎರಡು ಸನ್ನಿವೇಶಗಳನ್ನು ಗಮನಿಸಬೇಕು. ಬೆಟ್ಟಿ ತನ್ನ ನಟನಾಪರೀಕ್ಷೆಗಾಗಿ ಮನೆಯಲ್ಲಿ ರೀಟಾಳೊಡನೆ ಸಂಭಾಷಣೆಯನ್ನು ಅಭ್ಯಾಸಮಾಡುತ್ತಾಳೆ. ಅಲ್ಲಿ ಆ ಮಾತುಗಳು ಅಗ್ಗದ ಕೋಪದ ಮಾತುಗಳು, ಇಬ್ಬರೂ ನಕ್ಕುಬಿಡುತ್ತಾರೆ. ಪರೀಕ್ಷೆಯಲ್ಲಿ ಅವೇ ಮಾತುಗಳನ್ನು ಅವಳು ವಯಸ್ಸಾದ ನಟನ ಕಿವಿಯ ಬಳಿ ಪಿಸುಗುಟ್ಟಿದಾಗ ಕೋಣೆಯಲ್ಲಿದ್ದವರು ಸ್ತಬ್ಧರಾಗುತ್ತಾರೆ, ನಾವೂ ಆಗುತ್ತೇವೆ. ವಾಚ್ಯಾರ್ಥ ಬದಲಾಗಿಲ್ಲ, ಬದಲಾದುದು ವ್ಯಂಗ್ಯಾರ್ಥ. ನಟಿ ನವೋಮಿ ವಾಟ್ಸ್ ಅವರ ಸಾಮರ್ಥ್ಯ ಇಲ್ಲಿ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ.

ಎರಡನೆಯದು 'ಸಿಲೆನ್ಸಿಯೊ' ಎಂಬ ರಂಗಮಂದಿರದ ದೃಶ್ಯ. ಇಲ್ಲಿ ವಾದ್ಯವೃಂದವಿಲ್ಲ, ಕೇಳುವುದೆಲ್ಲ ಧ್ವನಿಮುದ್ರಣವೆಂದು ಮಾಂತ್ರಿಕನು ಮೊದಲೇ ಸಾರುತ್ತಾನೆ. ವಾದಕನು ತುತ್ತೂರಿಯನ್ನು ತುಟಿಯಿಂದ ತೆಗೆದರೂ ನಾದ ನಿಲ್ಲುವುದಿಲ್ಲ. ಅನಂತರ ಗಾಯಕಿ ರೆಬೆಕಾ ಡೆಲ್ ರಿಯೊ ಸ್ಪ್ಯಾನಿಷ್ ಭಾಷೆಯಲ್ಲಿ ಹಾಡುತ್ತಾರೆ. ಬೆಟ್ಟಿ, ರೀಟಾ ಇಬ್ಬರೂ ಕಣ್ಣೀರಿಡುತ್ತಾರೆ. ಗಾಯಕಿ ಕುಸಿದು ಬೀಳುತ್ತಾಳೆ, ಹಾಡು ಮುಂದುವರಿಯುತ್ತದೆ. ಮೋಸವೆಂದು ಮುಂಚೆಯೇ ತಿಳಿಸಿದ್ದರೂ ನಮ್ಮ ಕಂಠ ಬಿಗಿಯಿತು. ಆ ಭಾಷೆಯನ್ನು ನಾವು ಬಲ್ಲವರಲ್ಲ. ಆ ಹೆಂಗಸರು ಏಕೆ ಅಳುತ್ತಾರೆಂಬುದೂ ಆಗ ತಿಳಿದಿರಲಿಲ್ಲ. ಶೋಕ ಮಾತ್ರ ತಪ್ಪದೆ ನಮ್ಮನ್ನು ಮುಟ್ಟಿತು.

ಆನಂದವರ್ಧನನು ರಸಧ್ವನಿಯನ್ನು ಅಸಂಲಕ್ಷ್ಯಕ್ರಮವೆಂದು ಕರೆದನು. ಅರ್ಥದಿಂದ ರಸಕ್ಕೆ ಹೋಗುವ ಹಾದಿ ಅಲ್ಲಿ ಇದ್ದೇ ಇದೆ. ಅದರ ಹೆಜ್ಜೆಗಳು ಮಾತ್ರ ಗೋಚರಿಸುವುದಿಲ್ಲ. ಈ ಚಿತ್ರಕ್ಕೆ ಆ ಮಾತು ಪೂರ್ಣವಾಗಿ ಅನ್ವಯಿಸುವುದೆಂದು ನಾವು ಹೇಳುವುದಿಲ್ಲ. ಇಲ್ಲಿ ರಸವು ಮೊದಲು ಬಂದು, ಅರ್ಥ ಬಹಳ ಹಿಂದೆ ಉಳಿಯುತ್ತದೆ. ಆದರೂ ಅರ್ಥ ಬಾರದೆ ಇರುವುದಿಲ್ಲ. ಎರಡನೆಯ ಸಲ ನೋಡಿದಾಗ ಆ ಕಣ್ಣೀರು ಕೊಂದವಳ ಮತ್ತು ಸತ್ತವಳ ಕಣ್ಣೀರೆಂದು ತಿಳಿಯಿತು. ಮೊದಲಿನ ಕುತೂಹಲ ಹೋಯಿತು, ನಿಜ. ಅದರ ಸ್ಥಾನದಲ್ಲಿ ಕರುಣ ಬಂದಿತು.

ಇಲ್ಲೊಂದು ಪೂರ್ವಪಕ್ಷವುಂಟು. ಈ ಕೃತಿ 1999ರಲ್ಲಿ ದೂರದರ್ಶನ ಧಾರಾವಾಹಿಯೊಂದರ ಮೊದಲ ಕಂತಾಗಿ ಸಿದ್ಧವಾಗಿತ್ತು. ಅಮೆರಿಕದ ಎ.ಬಿ.ಸಿ. ಸಂಸ್ಥೆ ಅದನ್ನು ನಿರಾಕರಿಸಿತು. ಬಳಿಕ ಫ್ರೆಂಚ್ ಹಣದ ನೆರವಿನಿಂದ ಹೊಸ ಭಾಗಗಳನ್ನು ಸೇರಿಸಿ ಚಿತ್ರವನ್ನು ಪೂರ್ಣಗೊಳಿಸಲಾಯಿತು. ಆದುದರಿಂದ ಅದರ ಗೊಂದಲ ಕಲೆಯಲ್ಲ, ಆಕಸ್ಮಿಕ ಎಂದು ವಾದಿಸಬಹುದು. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಆರಂಭದಲ್ಲಿ ಕಾಣಿಸಿಕೊಂಡು ಮಾಯವಾಗುವ ಪತ್ತೇದಾರರು ಹಳೆಯ ಯೋಜನೆಯ ಉಳಿಕೆಗಳಂತೆ ತೋರುತ್ತಾರೆ. ಅವರನ್ನು ಸಮರ್ಥಿಸುವ ಹಟ ನಮಗಿಲ್ಲ. ಆದರೆ ತುಂಡುಗಳು ಎಲ್ಲಿಂದ ಬಂದುವೆಂಬುದಕ್ಕಿಂತ ಅವು ಹೇಗೆ ಕೂಡಿದುವೆಂಬುದೇ ವಿಮರ್ಶೆಗೆ ಮುಖ್ಯ. 2001ರಲ್ಲಿ ಕ್ಯಾನ್ ಉತ್ಸವದ ನಿರ್ದೇಶನ ಪ್ರಶಸ್ತಿಯನ್ನು ಲಿಂಚ್ ಅವರು ಜೋಯಲ್ ಕೋಯನ್ ಅವರೊಡನೆ ಹಂಚಿಕೊಂಡರು. 2016ರಲ್ಲಿ ಬಿ.ಬಿ.ಸಿ. 177 ಮಂದಿ ವಿಮರ್ಶಕರ ಮತ ಕೇಳಿದಾಗ ಈ ಶತಮಾನದ ಚಿತ್ರಗಳಲ್ಲಿ ಇದಕ್ಕೇ ಮೊದಲ ಸ್ಥಾನ ದೊರೆಯಿತು. ಪ್ರಶಸ್ತಿಗಳು ಪ್ರಮಾಣವಲ್ಲ, ಆದರೆ ಈ ಆನಂದ ನಮ್ಮೊಬ್ಬರದೇ ಅಲ್ಲವೆಂಬುದಕ್ಕೆ ಸಾಕ್ಷಿ.

ಹಾಗಾದರೆ ಅರ್ಥವಾಗದ ಕೃತಿಗಳೆಲ್ಲ ಒಳ್ಳೆಯವೆ? ಖಂಡಿತ ಅಲ್ಲ. ಒಂದು ಪರೀಕ್ಷೆಯನ್ನು ಸೂಚಿಸಬಹುದು: ಒಗಟು ಬಿಡಿಸಿದ ಮೇಲೆ ಕೃತಿ ಬರಿದಾಗುವುದೋ, ತುಂಬಿಕೊಳ್ಳುವುದೋ? ಬರಿದಾದರೆ ಅದು ಚಮತ್ಕಾರ ಮಾತ್ರ. ಈ ಚಿತ್ರ ತುಂಬಿಕೊಂಡಿತು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಬಹುಕಾಲದಿಂದ ನಾವು ತರಗತಿಯಲ್ಲಿ ಪದ್ಯವೊಂದನ್ನು ಓದಿದೊಡನೆ 'ಇದರ ಅರ್ಥವೇನು?' ಎಂದೇ ವಿದ್ಯಾರ್ಥಿಗಳನ್ನು ಕೇಳುತ್ತ ಬಂದಿದ್ದೇವೆ. ಉತ್ತರ ಹೇಳಲಾರದವನು ಏನನ್ನೂ ಪಡೆಯಲಿಲ್ಲವೆಂದು ಭಾವಿಸಿ ಅವನಿಗೆ ಕಡಮೆ ಅಂಕ ಕೊಟ್ಟಿದ್ದೇವೆ. ಅವರಲ್ಲಿ ಕೆಲವರಾದರೂ ಆ ರಂಗಮಂದಿರದ ಸಭಿಕರಂತೆ, ಕಾರಣ ತಿಳಿಯದೆ ಮನಕರಗಿ ಕುಳಿತಿದ್ದಿರಬೇಕು. 'ನಿನಗೆ ಏನನ್ನಿಸಿತು?' ಎಂಬ ಪ್ರಶ್ನೆ ಮೊದಲು ಬರಬೇಕಾಗಿತ್ತು. ಅರ್ಥದ ವಿಚಾರ ಆಮೇಲೆ ಆಗಬಹುದಾಗಿತ್ತು.